ಡಾಕ್ಟರಾಗುವ ಹತ್ತಿರದ ದಾರಿ

ಡಾಕ್ಟರಾಗುತ್ತೇನೆಂದು ಮಗಳು ಹೇಳಿದಾಗ ದರ್ಜಿ ನಗಲಿಲ್ಲ. ಮಷಿನ್ ನಿಲ್ಲಿಸಿ ಯೋಚಿಸಿದ. ಅವನ ಅಂಗಡಿಗೆ ಕೆಲಸ ಕಲಿಯಲು ಬಂದವರು ಮೊದಲು ಗುಂಡಿ ಹಾಕಬೇಕು, ಆಮೇಲೆ ಅಂಚು ಮಡಿಚಬೇಕು. ಕತ್ತರಿ ಕೈಗೆ ಸಿಗುವುದು ಕೊನೆಗೆ. ಅವನೂ ಹಾಗೇ ಮೇಲೆ ಬಂದವನು. ಲೋಕವೆಲ್ಲ ಹೀಗೇ ನಡೆಯುತ್ತದೆಂದು ನಂಬಿದ್ದ, ಪಾಪ.

ಎಂಟನೇ ತರಗತಿ ಮುಗಿದಾಗ ಶಾಲೆಯವರು ಅಪ್ಪ ಅಮ್ಮನನ್ನು ಕರೆದು ಎರಡು ದಾರಿ ತೋರಿಸಿದರು. ಒಂದು ಓದಿನ ಶಾಲೆ. ನಾಲ್ಕು ವರ್ಷ ಪಾಠ, ಕೊನೆಗೊಂದು ದೊಡ್ಡ ಪರೀಕ್ಷೆ. ಇನ್ನೊಂದು ಕಸುಬಿನ ಶಾಲೆ. ಅಲ್ಲಿ ಆಸ್ಪತ್ರೆ ಕೆಲಸವನ್ನೂ ಕಲಿಸುತ್ತಿದ್ದರು, ಮೊದಲ ವರ್ಷವೇ ವಾರ್ಡಿಗೆ ಕಳಿಸುತ್ತಿದ್ದರು.

"ಓದಿನ ಶಾಲೇಲಿ ಬರೀ ಪುಸ್ತಕದ ಬದನೆಕಾಯಿ ಕಣೇ" ಎಂದು ದರ್ಜಿ ಹೆಂಡತಿಗೆ ಪಿಸುಗುಟ್ಟಿದ. "ಕಸುಬಿನ ಶಾಲೇಲಾದ್ರೆ ಇವತ್ತು ಹಾಸಿಗೆ ಹಾಸ್ತಾಳೆ, ನಾಳೆ ಗಾಯ ಕಟ್ತಾಳೆ, ನಾಳಿದ್ದು ಸೂಜಿ ಚುಚ್ತಾಳೆ. ಆಮೇಲೆ ಇನ್ನೇನು, ಡಾಕ್ಟರೇ!"

"ಮೇಷ್ಟ್ರನ್ನ ಒಂದ್ಮಾತು ಕೇಳಿ."

"ಕೆಲಸ ಕಲಿಯೋದು ಅವರಿಗೇನು ಗೊತ್ತು?"

ಕಸುಬಿನ ಶಾಲೆಗೆಂದು ಸಹಿ ಹಾಕಿದ. ಮೇಷ್ಟ್ರೂ ತುಟಿ ಬಿಚ್ಚಲಿಲ್ಲ. ದರ್ಜಿಯ ಮಗಳು ಕಸುಬು ಕಲಿಯದೆ ಇನ್ನೇನು ಕಲಿತಾಳು ಎಂದುಕೊಂಡಿರಬೇಕು. ಅವರ ಬಾಯಿಗೆ ಅವತ್ತೇ ಬೀಗ ಬೀಳಬೇಕಿತ್ತೆ?

ಹುಡುಗಿ ನಾಲ್ಕು ವರ್ಷ ಮನಸ್ಸಿಟ್ಟು ಕಲಿತಳು. ರೋಗಿಗಳ ಹಾಸಿಗೆ ಹಾಸಿದಳು, ಬೆಡ್‌ಪ್ಯಾನ್ ತೊಳೆದಳು, ಕೊನೆಯ ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬಂದಳು. ದರ್ಜಿ ಬೀದಿಯವರೆಲ್ಲರ ಕಿವಿ ತೂತಾಗುವಷ್ಟು ಹೇಳಿಕೊಂಡು ಬಂದ. ಮರುವಾರವೇ ಮಗಳನ್ನು ಕರೆದುಕೊಂಡು ಮೆಡಿಕಲ್ ಕಾಲೇಜಿಗೆ ಹೋದ.

ಕಿಟಕಿಯ ಒಳಗಿದ್ದ ಹೆಂಗಸು ಒಳ್ಳೆಯವಳೇ. ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ಕಸುಬಿನ ಶಾಲೇದು. ಇದರಿಂದ ಇಲ್ಲಿಗೆ ಬರೋಕಾಗಲ್ಲಮ್ಮ."

"ಇನ್ನೆಷ್ಟು ವರ್ಷ ಕೆಲಸ ಮಾಡಿದ್ರೆ ತಗೋತೀರಿ ಮೇಡಂ?" ಎಂದ ದರ್ಜಿ.

"ಎಷ್ಟು ಮಾಡಿದ್ರೂ ಸಹಾಯಕಿನೇ. ಡಾಕ್ಟರ್ ಓದಬೇಕಂದ್ರೆ ಓದಿನ ಶಾಲೆ ಪರೀಕ್ಷೆ ಪಾಸಾಗಿರಬೇಕು."

"ಹಾಗಾದ್ರೆ ಈಗ್ಲೇ ಅಲ್ಲಿಗೆ ಸೇರಿಸ್ತೀನಿ."

"ಹದಿನಾರು ದಾಟಿದವರನ್ನ ಅಲ್ಲಿ ತಗೊಳ್ಳಲ್ಲ ಯಜಮಾನ್ರೇ. ವಯಸ್ಸು ಮೀರಿದೆ."

ದರ್ಜಿ ಸರ್ಟಿಫಿಕೇಟನ್ನು ಮಡಿಚಿ ಜೇಬಿಗಿಟ್ಟು ಹೊರಗೆ ಬಂದ. ಬಸ್ ಸ್ಟಾಪಿನ ಬೆಂಚಿನ ಮೇಲೆ ಕುಸಿದು ಕೂತ. ಯಾರನ್ನು ಬೈಯುವುದು? ಮಗಳ ದಾರಿಗೆ ತಾನೇ ಕೈಯಾರೆ ಮುಳ್ಳುಬೇಲಿ ಹಾಕಿದ್ದ. ಅವಳು ಅತ್ತಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಅಳಲಿಲ್ಲ.

"ಅವತ್ತು ನನ್ನನ್ನ ಯಾಕೆ ಕೇಳ್ಲಿಲ್ಲ ಅಪ್ಪಾ?"

"ನೀನಿನ್ನೂ ಚಿಕ್ಕವಳು ಪುಟ್ಟಾ. ನಿನಗೇನು ತಿಳೀತಿತ್ತು?"



"ಅವತ್ತು ಚಿಕ್ಕವಳು, ಇವತ್ತು ವಯಸ್ಸು ಮೀರಿದೆ" ಎಂದಳು. "ಮಧ್ಯೆ ನನ್ನನ್ನ ಕೇಳೋ ದಿನ ಯಾವತ್ತು ಬಂದಿತ್ತಪ್ಪಾ?"