ಮೀನಲ್ಲ ಅಂದ ಮೇಲೂ

ಸುಳ್ಳಾದರೆ ಈ ತೆಂಗಿನ ಮರ ನನ್ನನ್ನು ಈಗಲೇ ಕೊಡವಿ ಕೆಳಗೆ ಹಾಕಲಿ, ಕಂಡದ್ದು ಕಂಡದ್ದೇ, ಇನ್ನೂ ಕಾಣುತ್ತಲೇ ಇದೆ — ಕೆತ್ತಿದ ಹೊಂಬಾಳೆಯ ತುದಿಯಲ್ಲಿ ನಾನು ಇಳಿಸುವ ನೀರಾ ಒಂದು ಹನಿ, ಬೀಳಲೋ ಬೇಡವೋ ಅಂತ ತೂಗುತ್ತಿದೆ, ಅದರೊಳಗೆ ಇಡೀ ಒಳಗಡಲು ತಲೆಕೆಳಗಾಗಿ ನಿಂತಿದೆ, ದೋಣಿ, ಊರು ಕೂಡಿ ಉಣ್ಣುವ ಚಾವಡಿ ಮನೆಯಾಬಾದ ಮಾಡು, ಸಂಜೆಯ ಹೊಗೆ, ಆ ಹೊಗೆ ನಮ್ಮದು, ನನ್ನ ಹೆಂಡತಿ ತೆರೆಂಗಾ ಮೀನು ಸುಡುತ್ತಿದ್ದಾಳೆ, ಆ ಪರಿಮಳಕ್ಕೆ ಒಮ್ಮೆ ತಿಮಿಂಗಿಲವೇ ಮರಳು ಹತ್ತಿ ಬಂದು ಬಾಯಿ ಚಪ್ಪರಿಸಿತ್ತು, ಈಗ ನಾಯಿ ಬಿಟ್ಟರೆ ಯಾರೂ ಮೂಸುವುದಿಲ್ಲ. ಹಾಡಬೇಕು, ಮರ ಹತ್ತಿದವನು ಗಂಟಲೆತ್ತಿ ಹಾಡಲೇಬೇಕು, ಮೇಲೊಬ್ಬ ಗಂಡಸಿದ್ದಾನೆ ಅಂತ ಕೆಳಗೆ ಸ್ನಾನ ಮಾಡುವವರಿಗೆ ತಿಳಿಯಬೇಕು, ಅದು ಮರ್ಯಾದೆ, ಆದರೆ ಇವತ್ತು ಹಾಡು ಬರುತ್ತಿಲ್ಲ, ಬಾಯಿ ತುಂಬ ಮೀನು, ತಿನ್ನದ ಮೀನು.

ಮೂರು ಹುಣ್ಣಿಮೆ ಹಿಂದಿನ ಊಟದಲ್ಲಿ ಬರಾನಿಕೊ ಅಜ್ಜ ತೆರೆಂಗಾಳ ಬುಟ್ಟಿಯಿಂದ ತಿಂದ, ಊರ ಊಟಕ್ಕೆ ಮೊದಲ ಕೈ ಅವನದೇ, ಕಳ್ಳು ಕುಡಿಯುವವರಿಗೆ ನರಕ ಅಂತ ಗದರುವ ಬಾಯಿಯೂ ಅವನದೇ, ತಿಂದವನು ಎದ್ದು ಹೋಗಿ ಎಂಥ ವಾಂತಿ ಮಾಡಿದನೆಂದರೆ ದಡದ ಏಡಿಗಳು ಬಿಲ ಖಾಲಿ ಮಾಡಿಕೊಂಡು ಹೋದವು, ಮೀನು ವಿಷ ಅಂದರು, ಹಡಗು ಒಡೆದು ಬಿದ್ದ ಕಡೆಯ ಮೀನು ವಿಷ ಕಟ್ಟುತ್ತದೆ, ಅಲ್ಲೇ ಹಿಡಿದದ್ದಂತೆ ಅಂದರು, ಹಿಡಿದವನು ನಾನು, ಆ ಕಡೆ ಹೋಗಿಯೇ ಇರಲಿಲ್ಲ, ಆದರೂ ಹೋಗಿದ್ದೆನೇನೋ ಅನ್ನಿಸಿಬಿಟ್ಟಿತು. ಆಮೇಲೆ ನರ್ಸಮ್ಮ ಬಂದು ನಿಂತಳು, ಮೀನಲ್ಲ ಕಣ್ರೋ, ಅದೇ ಮೀನು ನಾನೂ ತಿಂದಿದೀನಿ, ಕಲ್ಲುಗುಂಡಿನ ಹಾಗಿದೀನಿ ನೋಡಿ. ಹಾಗಾದ್ರೆ ಏನಮ್ಮ? ಅದು ನಂಗೂ ಗೊತ್ತಿಲ್ಲಪ್ಪ, ಮೀನಂತೂ ಅಲ್ಲ. ಎಲ್ಲರೂ ತಲೆಯಾಡಿಸಿದೆವು, ನಂಬಿದೆವು, ನಿಜವಾಗಿಯೂ ನಂಬಿದೆವು, ಆದರೆ ಮೀನು ಎದ್ದು ಹೋದ ಜಾಗ ಖಾಲಿ ಬಿದ್ದಿತ್ತು, ಆ ಖಾಲಿಗೆ ಮೀನೇ ಮತ್ತೆ ಮೆಲ್ಲಗೆ ಈಜಿಕೊಂಡು ಬಂತು — ಮುಂದಿನ ಊಟದಲ್ಲಿ ಬುಟ್ಟಿ ಹೋದ ಹಾಗೇ ತಿರುಗಿ ಬಂತು, ಅದರ ಮುಂದಿನದರಲ್ಲೂ. ನಾನೋ, ಗಂಡ, ಒಂದು ತುಂಡು ತೆಗೆದು ಚಾಪೆಯ ಹಿಂದೆ ನಾಯಿಗೆ ಜಾರಿಸಿದೆ, ಅವಳು ನೋಡಿಬಿಟ್ಟಳು, ಬೈಯಲಿಲ್ಲ, ನೀನೂನಾ ಕೈತು ಅಂದಳು, ಅಷ್ಟೇ. ಬೆಳಿಗ್ಗೆ ಮಾತ್ರ ಹೇಳಿಬಿಟ್ಟಳು, ಇವತ್ತೂ ಬುಟ್ಟಿ ತುಂಬಿಕೊಂಡೇ ಬಂದ್ರೆ ನಾಳೆ ದೋಣೀಲಿ ನಮ್ಮಮ್ಮನ ದ್ವೀಪಕ್ಕೆ ಹೋಗ್ತೀನಿ, ಕರಿಯೋಕೆ ಬರಬೇಡ. ಅವಳು ಹೋದರೆ ಈ ಒಳಗಡಲು ಯಾತಕ್ಕೆ, ಈ ಮರ ಯಾತಕ್ಕೆ, ಗಾಳಿ ತೂಗುತ್ತಿದೆ, ತೊಟ್ಟಿಲಿನ ಹಾಗೆ, ಕಣ್ಣು ಎಳೆಯುತ್ತಿದೆ —

ಕೆಳಗೆ ಸರಕ್ ಅಂತು, ಕೇದಿಗೆಯ ಪೊದೆ, ಅದರೊಳಗಿಂದ ಒಂದು ಬೋಳುತಲೆ, ಬರಾನಿಕೊ ಅಜ್ಜ, ಮರದಲ್ಲಿ ಹಾಡಿಲ್ಲ ಅಂದ ಮೇಲೆ ಮರದಲ್ಲಿ ಮನುಷ್ಯನಿಲ್ಲ ಅಂದುಕೊಂಡಿದ್ದಾನೆ, ಬೇರಿನ ಸಂದಿಯಿಂದ ಬಾಟಲಿ ಎಳೆದ, ನಮ್ಮ ದೀಪಕ್ಕೆ ತರುತ್ತೇವಲ್ಲ ಆ ಸೀಮೆಎಣ್ಣೆಯ ಬಾಟಲಿ, ಅದರಲ್ಲಿ ಕಳ್ಳು, ಯಾರೂ ಮೂಸಬಾರದು ಅಂತ, ಗಟಗಟ ಎತ್ತಿದ, ಬಾಯಿ ಒರೆಸಿದ, ಒಂದು ಚಣ ಸುಖವಾಗಿ ಕೂತ, ಆಮೇಲೆ ಬಗ್ಗಿದ, ಅದೇ ವಾಂತಿ, ಅದೇ ಏಡಿಗಳು, ಮತ್ತು ದೇವರಾಣೆ ಇದನ್ನು ಕಿವಿಯಾರೆ ಕೇಳಿದೆ, ಹೊಟ್ಟೆ ಹಿಡಿದುಕೊಂಡು ಗೊಣಗುತ್ತಿದ್ದಾನೆ, ಹಾಳು ಮೀನು, ಇನ್ನೂ ಬಿಡಲಿಲ್ವಲ್ಲ ನನ್ನ!

ಅಜ್ಜಾ. ಯಾರೋ ಅದು? ಮೇಲೆ ನೋಡು. ಅಯ್ಯೋ ಕೈತು, ಹಾಡದೆ ಕೂತಿದೀಯಲ್ಲೋ, ನಾಚಿಕೆ ಆಗಲ್ವ? ಮೊದ್ಲು ಆ ಬಾಟ್ಲಿ ಮೂಸಿ ನೋಡು ಅಜ್ಜ, ಆಮೇಲೆ ನಾಚಿಕೆ ಹಂಚ್ಕೊಳೋಣ. ಮೂಸಿದ, ಇನ್ನೊಮ್ಮೆ ಮೂಸಿದ, ಮುಖ ಹುಳಿಯಾಯಿತು, ಅಲ್ಲಿಯೇ ಕುಸಿದು ಕೂತ, ಅವತ್ತು ಊಟಕ್ಕೆ ಮೊದ್ಲೂ ಇದನ್ನೇ ಕುಡಿದಿದ್ದೆ, ಹಾಗಾದ್ರೆ ಮೀನಲ್ಲ? ಮೀನಲ್ಲ ಅಜ್ಜ. ಇವತ್ತು ತೆರೆಂಗಾ ಬುಟ್ಟಿಗೆ ಮೊದಲ ಕೈ ನಿಂದೇ. ಹಾಕದಿದ್ರೆ? ಹಾಕದಿದ್ರೆ ಈಗ್ಲೇ ಹಾಡ್ತೀನಿ, ಪಲ್ಲವೀಲೇ ನಿನ್ನ ಹೆಸರಿರುತ್ತೆ. ಮುದುಕ ನಕ್ಕ, ಕೆಮ್ಮಿದ, ಬಾಟಲಿಗೆ ಬಿರಡೆ ಹಾಕಿದ, ಆಯ್ತು ಕಣೋ, ಮೊದಲ ತುಂಡು ನಂದು, ಎರಡನೇದು ನಿಂದು, ಊರೆಲ್ಲ ನನ್ನ ಬಾಯಿ ನೋಡುತ್ತೆ, ಅವಳು ನಿನ್ನ ಬಾಯಿ ನೋಡ್ತಾಳೆ, ನಾಯಿಗೆ ಹಾಕೋ ಹಾಗಿಲ್ಲ, ಅವತ್ತು ನಾನೂ ನೋಡಿದೀನಿ, ತಿಂತೀಯ ತಾನೆ?

ತಿನ್ನುತ್ತೇನೆ, ಯಾಕೆ ತಿನ್ನುವುದಿಲ್ಲ, ಕಣ್ಣಾರೆ ಕಂಡಿದ್ದೇನೆ, ಸೀಮೆಎಣ್ಣೆ, ಮೀನಲ್ಲ, ಊರಿಗಿಂತ ಮೊದಲು ನನಗೇ ಗೊತ್ತು, ತಲೆಗೆ ಗೊತ್ತು, ಕಣ್ಣಿಗೆ ಗೊತ್ತು, ಗಂಟಲೇ, ನಿನಗೆ ಯಾರು ಹೇಳಬೇಕು, ಯಾಕೆ ಹೀಗೆ ಮುಚ್ಚಿಕೊಳ್ಳುತ್ತೀಯ — ಮರದಿಂದ ಇನ್ನೂ ಇಳಿದೇ ಇಲ್ಲ, ಆಗಲೇ ಕಣ್ಣೆದುರು ಎರಡನೇ ತುಂಡು, ಬೆಳ್ಳಗೆ, ಹಬೆಯಾಡುತ್ತ, ತೆರೆಂಗಾಳ ಬೆರಳುಗಳ ನಡುವೆ, ಅವಳು ಬೈಯುತ್ತಿಲ್ಲ, ಕಾಯುತ್ತಿದ್ದಾಳೆ, ಎರಡನೇ ತುಂಡು, ಹತ್ತಿರ, ಇನ್ನೂ ಹತ್ತಿರ, ತುಟಿಗೆ ಬಿಸಿ ತಾಗುವಷ್ಟು — ಎರಡನೇ ತುಂಡು.