ಕಾಲಿಗಿಳಿದ ಮಗ್ಗ

ಕರೆಂಟು ಹೋಯಿತು, ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು, ನನ್ನದು ಇನ್ನೊಂದು ಅರ್ಧ ಹೊಡೆತ ಹೊಡೆದು ಲಾಳಿಯನ್ನು ನಡುದಾರಿಯಲ್ಲಿ ಬಿಟ್ಟಿತು, ಈಗ ಕೇಳುವುದು ಹಿತ್ತಲ ನಳದ ಹನಿ, ಪಕ್ಕದ ಬೋರವ್ವನ ಆಡು, ದೂರದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಾಡು — ಕಾಲು ಮಾತ್ರ ಇನ್ನೂ ನಡೆಯುತ್ತಿದೆ, ಅಂಗಾಲಿನೊಳಗೆ ಗುಂಯ್ ಎಂದು, ಮಗ್ಗ ನಿಂತ ಸುದ್ದಿ ಅಲ್ಲಿಗೆ ಮುಟ್ಟಿಯೇ ಇಲ್ಲ ಎನ್ನುವ ಹಾಗೆ. ಹೊಸದೇನಲ್ಲ, ಎರಡು ವರ್ಷದಿಂದ ಹೀಗೇ, ಅಮಾವಾಸ್ಯೆಗೆ ಮಗ್ಗಕ್ಕೆ ಕುಂಕುಮ ಹಚ್ಚಿ ರಜೆ ಕೊಟ್ಟ ದಿನವೂ ಹೀಗೇ. ಅನ್ನವ್ವನ ಕಾಲಾಗ ಮಗ್ಗ ಇಳದೈತಿ, ಎಂದು ಇವರು ನಾಲ್ಕು ಜನರ ಮುಂದೆ ಹೇಳುತ್ತಿದ್ದರು, ಗಿರಿಮಲ್ಲಪ್ಪ, ನನ್ನ ಗಂಡ, ತಮ್ಮ ಅಪ್ಪನ ಬಗ್ಗೆ ಹೇಳಿದ ಮಾತನ್ನೇ ನನ್ನ ಬಗ್ಗೆಯೂ ಹೇಳಿದರು, ಬನಹಟ್ಟಿಯ ನೇಕಾರನ ಬಾಯಲ್ಲಿ ಹೆಂಡತಿಗೆ ಅದಕ್ಕಿಂತ ದೊಡ್ಡ ಮಾತು ಬರುವುದಿಲ್ಲ. ಖರೆ ಇತ್ತು ಆಗ. ಹಾಸಿನ ಎಳೆ ಹರಿದರೆ ಕಣ್ಣಿಗಿಂತ ಮೊದಲು ನನ್ನ ಅಂಗಾಲಿಗೆ ಗೊತ್ತಾಗುತ್ತಿತ್ತು, ನೆಲದ ನಡುಕ ಒಂದು ಕೂದಲೆಳೆ ಬದಲಾದರೂ ಕೈ ತಾನಾಗಿ ಹೋಗಿ ಮಗ್ಗ ನಿಲ್ಲಿಸುತ್ತಿತ್ತು. ಇವರ ಮಗ್ಗ ಅತ್ತ, ನನ್ನದು ಇತ್ತ, ಆ ಗದ್ದಲದಲ್ಲಿ ಮಾತೆಲ್ಲಿಯದು, ಕೈಸನ್ನೆಯಲ್ಲೇ ಸಂಸಾರ — ಹೆಬ್ಬೆರಳು ತುಟಿಗೆ ತಂದರೆ ಚಹಾ, ಕಿರುಬೆರಳು ಎತ್ತಿ ಮಡಚಿದರೆ ಎಳೆ ಹರಿದಿದೆ ಬಾ. ಮೂರು ವರ್ಷವಾಯಿತು ಅವರ ಎದೆ ನಿಂತು, ಅವರ ಮಗ್ಗದ ಮೇಲೆ ಹಳೆಯ ಸೀರೆ ಹೊದಿಸಿದ್ದೇನೆ, ಆದರೂ ಎಳೆ ಹರಿದಾಗ ಕಿರುಬೆರಳು ಏಳುತ್ತದೆ, ಏಳುತ್ತದೆ, ಮಡಚುತ್ತದೆ, ಹೊದಿಕೆಯ ಸೀರೆ ಸುಮ್ಮನಿರುತ್ತದೆ, ನಾನೇ ಹೋಗಿ ಎಳೆ ಕಟ್ಟುತ್ತೇನೆ. ಬೋರವ್ವನಿಗೆ ಒಮ್ಮೆ ಹೇಳಿದೆ, ಕರೆಂಟ ಹೋದ್ರೂ ನನ್ನ ಕಾಲಾಗ ಮಗ್ಗ ನಡಿಯಾಕತ್ತಿರತೈತಿ ಬೇ. ಆಕೆ ಆಡಿನ ಹಾಲು ಹಿಂಡುತ್ತ ತಲೆ ಕೂಡ ಎತ್ತದೆ, ಹಂಗಾರ ಆ ಕರೆಂಟ ಬಿಲ್ಲ ಯಾರ ಕಟ್ಟತಾರ ಅನ್ನವ್ವಕ್ಕ, ನಮ್ಮ ಮನಿ ದೀಪಕ್ಕೂ ಒಂದ ವಾಯರ ಎಳಕೊಡ, ಎಂದಳು. ನಕ್ಕೆವು. ಅವತ್ತು ನಕ್ಕದ್ದು, ಆಮೇಲೆ ಯಾರ ಜೊತೆ ನಕ್ಕೆ ನೆನಪಾಗುತ್ತಿಲ್ಲ.

ಮತ್ತೆ ಅಲ್ಲೊಂದು. ಒಲೆಯ ಕೋಣೆಯ ಹೊಸ್ತಿಲ ಹತ್ತಿರ, ಕಡಪಾ ಕಲ್ಲಿನ ಮೇಲೆ, ಕೆಂಪು ಅರ್ಧಚಂದ್ರ, ಹಿಮ್ಮಡಿಯ ಗುರುತು, ಮುಂಜಾನೆಯಿಂದ ಎಷ್ಟು ಸಲ ಒರೆಸಿದೆ, ಒರೆಸಿ ಬರುವಷ್ಟರಲ್ಲಿ ಇನ್ನೊಂದು ಕಡೆ. ಸೀರೆಯ ದಡಿಗೆ ಹಾಕಿದ ಕೆಂಪು ನೂಲು ಬಣ್ಣ ಬಿಡುತ್ತಿದೆ, ಅದರ ಪುಡಿ ಉದುರಿ, ಒದ್ದೆ ಕಾಲಿಗೆ ಹತ್ತಿ, ಮನೆಯೆಲ್ಲ ರಂಗೋಲಿ. ನೂಲು ತಂದುಕೊಟ್ಟ ಮುರಗೆಪ್ಪನಿಗೆ ಫೋನು ಹಚ್ಚಿ ಬೈದದ್ದೂ ಆಯಿತು, ಏನೋ ಮುರಗೆಪ್ಪ, ಕಚ್ಚಾ ಬಣ್ಣ ಕಟ್ಟೀಯಲ್ಲೋ ನನಗ. ಏ ಇಲ್ಲ ಬೇ ಅಕ್ಕಾ, ಒಲಿ ಮುಂದ ಕುಂತ ಕುದಿಸಿದ ಬಣ್ಣ ಐತಿ, ನನ್ನ ಮಾರಿ ಬಣ್ಣ ಹೋದೀತು ಅದ ಹೋಗಂಗಿಲ್ಲ, ವಾಟಗದಾಗ ನೀರ ಹಾಕಿ ನೆನಸಿ ನೋಡ, ಆಮ್ಯಾಲ ಬೈಯಿ. ನೆನೆಸಿಟ್ಟೆ, ಒಂದು ಗೇಣು ಕೆಂಪು ನೂಲು, ಸ್ಟೀಲ್ ವಾಟಗದಲ್ಲಿ, ಅವರ ಮಗ್ಗದ ಪಕ್ಕದ ಕಿಟಕಿಯಲ್ಲಿ. ಇವತ್ತು ಮುಂಜಾನೆಯೇ ಸರಿಯಿಲ್ಲ, ಲಾಳಿಯನ್ನು ಹೊಡೆಯುವ ಚರ್ಮದ ಪಟ್ಟಿ ಸಡಿಲಾಗಿತ್ತು, ಇವರಿದ್ದರೆ ಅವರ ಕೆಲಸ, ನಾನೇ ಸುತ್ತಿಗೆ ಹಿಡಿದೆ, ಅಂಗಡಿಯ ಪೊಟ್ಟಣದಿಂದ ಸಣ್ಣ ಮೊಳೆಗಳನ್ನು ಮಡಿಲಿಗೆ ಸುರಿದುಕೊಂಡು ಬಡಿದೆ, ಒಂದು ಜಾರಿ ಬಿತ್ತು, ಅಗಲ ತಲೆಯ ಹೊಸ ಮೊಳೆ, ಬಿದ್ದದ್ದು ಕಂಡೆ, ಬಿಸಿಲಿನ ಪಟ್ಟಿಯಲ್ಲಿ ಒಮ್ಮೆ ಹೊಳೆದು ಮಗ್ಗದ ಕೆಳಗೆ ಹೋಯಿತು, ಕಸಬರಿಗೆಯಿಂದ ಎಳೆದೆ, ಹತ್ತಿಯ ಧೂಳು ಬಂತು, ಮೊಳೆ ಬರಲಿಲ್ಲ. ಹಾಳಾಗಿ ಹೋಗಲಿ. ಮೊಳೆ ಎಲ್ಲಿ ಹೋಗುತ್ತದೆ, ಕಾಲಿದೆಯೇ ಅದಕ್ಕೆ.

ಜುಮುಜುಮು ಈಗ ಸ್ವಲ್ಪ ಹೆಚ್ಚಾದ ಹಾಗಿದೆ, ಅಥವಾ ಓಣಿ ಸುಮ್ಮನಾದದ್ದಕ್ಕೆ ಹಾಗೆ ಅನಿಸುತ್ತದೆಯೋ. ಜಮಖಂಡಿಯ ರಸಿಕಾ ಡಾಕ್ಟರು ಇದಕ್ಕೆ ಬೇರೆ ಹೆಸರು ಹೇಳಿದರು. ಕನ್ನಡ ಮಾತಾಡುತ್ತಲೇ ನರ್ಸಿಗೆ ಮರಾಠಿಯಲ್ಲಿ ಏನೋ ಹೇಳಿ, ಒಂದು ಕಡ್ಡಿಯ ತುದಿಗೆ ಸಿಕ್ಕಿಸಿದ ನೈಲಾನ್ ಎಳೆ ತರಿಸಿದರು, ಕಣ್ಣ ಮುಚ್ಚರಿ ಅನ್ನವ್ವಾರ, ಇದನ್ನ ಅಂಗಾಲಿಗೆ ಮುಟ್ಟಸ್ತೀನಿ, ಮುಟ್ಟಿದಾಗೊಮ್ಮೆ ಹೂಂ ಅನ್ರಿ. ಎಳಿ ಪರೀಕ್ಷಾ ನೇಕಾರಗಿತ್ತಿಗೇ ಮಾಡತೀರೇನ್ರಿ ಬಾಯಾರ, ಎಂದು ನಗಾಡಿದೆ, ಬೆರಳ ನಡುವೆ ಹಿಡಿದರೆ ನೂಲಿನ ನಂಬರು ಹೇಳುವವಳು ನಾನು. ಹಂಗಾರ ನೀವ ಪಾಸ್ ಆದಂಗ ಬಿಡ್ರಿ, ಎಂದರು ಅವರೂ. ಕಣ್ಣು ಮುಚ್ಚಿದೆ, ಹೂಂ, ಹೂಂ, ಹೂಂ, ಸಾಲಾಗಿ ಹೇಳುತ್ತ ಹೋದೆ, ಸುಳ್ಳಲ್ಲ, ಅಂಗಾಲಿನಲ್ಲಿ ಒಂದೇ ಸಮ ಏನೋ ಮುಟ್ಟುತ್ತಲೇ ಇತ್ತು. ಅನ್ನವ್ವಾರ, ನಾ ಇನ್ನೂ ಮುಟ್ಟೇ ಇಲ್ರಿ. ಕಣ್ಣು ತೆಗೆದೆ, ಎಳೆ ಅವರ ಕೈಯಲ್ಲಿ, ಕಾಲಿನಿಂದ ಗೇಣು ದೂರ, ಗಾಳಿಯಲ್ಲಿ. ನರ್ಸು ನಗಲಿಲ್ಲ, ಅದಕ್ಕೇ ನನಗೆ ನಾಚಿಕೆಯಾಯಿತು. ಸಕ್ಕರೆ ಬಹಳ ವರ್ಷ ಏರಿಯೇ ಇದ್ದರೆ ಪಾದದ ನರಗಳು ಕೆಡುತ್ತವೆ, ಕೆಲವರಿಗೆ ಉರಿ, ಕೆಲವರಿಗೆ ಜುಮುಜುಮು, ಬರಬರುತ್ತ ಸ್ಪರ್ಶವೇ ತಿಳಿಯುವುದಿಲ್ಲ, ಗಾಯವಾದರೆ ನೋವಿಲ್ಲ, ನೋವಿಲ್ಲದ್ದಕ್ಕೆ ಯಾರೂ ನೋಡುವುದಿಲ್ಲ, ಕೊನೆಗೆ ಕಾಲು ತೆಗೆಯುವ ತನಕ ಹೋಗುತ್ತದೆ, ಹೀಗೆ ಬಿಡಿಸಿ ಹೇಳಿದರು. ಇದ ಮಗ್ಗದ್ರಿ ಬಾಯಾರ, ನಮ್ಮ ಕಡಿ ಇದಕ್ಕ ಕಾಲಾಗ ಮಗ್ಗ ಇಳಿಯೂದ ಅಂತಾರ. ಮಗ್ಗ ಅಲ್ರಿ, ಶುಗರ್. ಬರಿಗಾಲಿಲೆ ತಿರಗಬ್ಯಾಡ್ರಿ, ಮೆತ್ತನ ಚಪ್ಪಲಿ ಹಾಕ್ಕೋರಿ, ಮನ್ಯಾಗೂ. ಹಾಕ್ಕೋತೀನ್ರಿ. ಹಾಕಿಕೊಳ್ಳುತ್ತೇನೆ, ಅದೂ ಸುಳ್ಳಲ್ಲ, ಮುಧೋಳದ ಪೇಟೆಯಲ್ಲಿ ಹುಡುಕಿ ತಂದ ನೀಲಿ ಚಪ್ಪಲಿ, ಹಿತ್ತಲಲ್ಲಿ ಹಾಕುತ್ತೇನೆ, ಅಂಗಳದಲ್ಲಿ ಹಾಕುತ್ತೇನೆ, ಮಗ್ಗದ ಕೋಣೆಯ ಹೊರಗೆ ಬಿಡುತ್ತೇನೆ, ಚಪ್ಪಲಿ ಮೆಟ್ಟಿ ಮಗ್ಗದ ಮುಂದೆ ಯಾರು ನಿಲ್ಲುತ್ತಾರೆ, ದೇವರಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗಿರಿ ಎಂದು ಡಾಕ್ಟರೂ ಹೇಳಲಾರರು, ಮತ್ತು ದಿನದ ಬೆಳಕೆಲ್ಲ ನಾನು ಇರುವುದು ಈ ಕೋಣೆಯಲ್ಲೇ. ದಿನಾ ಸಂಜಿಮುಂದ ಅಂಗಾಲ ನೋಡ್ಕೋರಿ, ನಿಮಗ ಬಗ್ಗಾಕ ಆಗದಿದ್ರ ಮನ್ಯಾಗಿನವರಿಗೆ ನೋಡಂತ ಹೇಳ್ರಿ. ಯಾರಿದ್ದಾರ್ರಿ ಮನ್ಯಾಗ, ಎಂದು ಅವರೇ ಕೇಳಿದರು. ಅದಾರ್ರಿ, ಎಂದೆ. ಯಾರಿದ್ದಾರೆ. ಮುಖ ನಾನೇ ತೊಳೆಯುತ್ತೇನೆ, ಬೆನ್ನನ್ನು ಬಾಗಿಲ ಚೌಕಟ್ಟಿಗೆ ತಿಕ್ಕಿಕೊಳ್ಳುತ್ತೇನೆ, ಮಂಡಿ ಮಡಚದ ಮೇಲೆ ಅಂಗಾಲು ಮಾತ್ರ ನನ್ನ ಮೈಯೊಳಗಿನ ಪರಊರು. ನೋಡಲು ಇನ್ನೊಬ್ಬರು ಬೇಕು, ಬೋರವ್ವನಿಗೆ ಹೇಗೆ ಹೇಳುವುದು, ನನ್ನ ಕಾಲು ಎತ್ತಿ ಹಿಡಿದು ನೋಡು ಎಂದು. ಇಲ್ಲಾಂದ್ರ ನೆಲದ ಮ್ಯಾಲ ಕನ್ನಡಿ ಇಟಗೊಂಡ ನೋಡ್ರಿ, ಎಂದರು ಡಾಕ್ಟರು, ಮನೆಯಲ್ಲಿ ಯಾರೂ ಇಲ್ಲವೆಂದು ಅವರಿಗೆ ತಿಳಿದೇ ಹೋಗಿತ್ತು. ಕನ್ನಡಿ ಇದೆ, ಇವರು ಗಡ್ಡ ಕೆರೆಯುತ್ತಿದ್ದ ದುಂಡನೆಯ ಕನ್ನಡಿ, ಗೂಟಕ್ಕೇ ಇದೆ, ಇಳಿಸಿಲ್ಲ.

ಕಾಂಚನಾಗೆ ಇದೊಂದೂ ಹೇಳಿಲ್ಲ. ಮಹಾಲಿಂಗಪುರವೇನು ಪರದೇಶವಲ್ಲ, ಬಸ್ಸು ಹತ್ತಿದರೆ ಮಗಳ ಮನೆ, ದಿನವೂ ಈ ಹೊತ್ತಿಗೆ ಫೋನು ಮಾಡುತ್ತಾಳೆ, ಉಂಡೀ ಏನಬೇ ಅವ್ವಾ, ಆತು, ಗುಳಿಗಿ ತಗೊಂಡಿ, ಆತು, ಮತ್ತ, ಮತ್ತೇನಿಲ್ಲ. ಹೇಳಿದರೆ ಮುಂದಿನ ಮಾತು ಗೊತ್ತಿದೆ, ಸಾಕ ಮಾಡ ಅವ್ವಾ, ಎರಡೂ ಮಗ್ಗ ಮಾರಿ ಇಲ್ಲಿ ಬಂದ ಬಿಡ, ಸುಮ್ಮನ ಟಿವಿ ನೋಡಕೋತ ಕುಂಡ್ರ. ಪ್ರೀತಿಯಿಂದಲೇ ಹೇಳುತ್ತಾಳೆ. ಅವಳ ಪಡಸಾಲೆಯ ನೆಲ ನಡುಗುವುದಿಲ್ಲ, ಕಳೆದ ದೀಪಾವಳಿಗೆ ಹೋದಾಗ ಅಲ್ಲಿ ಮಲಗಿ ನಿದ್ದೆ ಬರಲಿಲ್ಲ, ಬೀಗರ ಮನೆಯ ಗೋಡೆಯ ಪಕ್ಕದಲ್ಲಿ ಮಡಚಿಟ್ಟ ಚಾಪೆಯ ಹಾಗೆ ಇದ್ದೆ — ಆದರೆ, ತಡೆ, ಆ ನೆಲ ನಡುಗುವುದಿಲ್ಲ ಎಂದು ನನಗೆ ಹೇಗೆ ಗೊತ್ತಾಯಿತು, ಕಾಲು ಅಲ್ಲಿಯೂ ಗುಂಯ್ ಎನ್ನುತ್ತಿತ್ತು, ಗೊತ್ತಾದದ್ದು ಕೆನ್ನೆಗೆ, ದಿಂಬು ಜಾರಿ ಕೆನ್ನೆ ನೆಲಕ್ಕೆ ತಾಗಿದಾಗ. ಅಂಗೈ ಊರಿ ಕೂರುತ್ತೇನೆ ಈಗ, ಇಲ್ಲೇ, ಮಗ್ಗದ ಬುಡದಲ್ಲಿ. ಅಂಗೈಗೆ ಕಲ್ಲು ತಣ್ಣಗಿದೆ, ಸತ್ತ ಹಾಗಿದೆ, ನಡುಕವೇ ಇಲ್ಲ. ಅದೇ ಕಲ್ಲಿನ ಮೇಲಿನ ಕಾಲಿಗೆ ತಂಪೂ ಇಲ್ಲ, ಗುಂಯ್ ಒಂದೇ. ಒಂದೇ ನೆಲ, ಕೈ ಒಂದು ಹೇಳುತ್ತದೆ, ಕಾಲು ಒಂದು ಹೇಳುತ್ತದೆ, ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಮೊನ್ನೆ ಎಳೆ ಹರಿದದ್ದು ಮೊಳದುದ್ದ ನೇಯ್ದ ಮೇಲೆ ಕಂಡಿತ್ತಲ್ಲ, ಕನ್ನಡಕ ಹಳೆಯದಾಯಿತು ಎಂದುಕೊಂಡಿದ್ದೆ. ಎಂದಿನಿಂದಲೋ ನಾನು ಕಣ್ಣಿನಿಂದಲೇ ನೇಯುತ್ತಿದ್ದೇನೆ. ಕಾಲಿಗೆ ಇಳಿದದ್ದು ಮಗ್ಗವಲ್ಲ.

ಕಿಟಕಿಯ ವಾಟಗ ಎತ್ತಿ ನೋಡುತ್ತೇನೆ, ನೂಲು ತಳದಲ್ಲಿ ಸುರುಳಿಯಾಗಿ ಮಲಗಿದೆ, ಕೆಂಪಗೆ, ನೀರು — ನೀರು ತಿಳಿಯಾಗಿದೆ. ಅಲ್ಲಾಡಿಸಿದೆ, ತಿಳಿ. ಬೆರಳು ಅದ್ದಿ ಬಿಳಿಯ ಬಟ್ಟೆಯ ಅಂಚಿಗೆ ಒತ್ತಿದೆ, ಏನೂ ಹತ್ತಲಿಲ್ಲ. ಮುರಗೆಪ್ಪ ಖರೆ ಹೇಳಿದ್ದಾನೆ, ಪಕ್ಕಾ ಬಣ್ಣ, ಹಾಗಿದ್ದರೆ ಹೊಸ್ತಿಲಿನದು, ನೀರಿನ ಕೊಡದ ಹತ್ತಿರದ್ದು, ಈಗ ಕಿಟಕಿಗೆ ಬಂದ ದಾರಿಯಲ್ಲಿ ಇನ್ನೊಂದು, ಹಸಿಯದು. ಬಣ್ಣ ಒಣಗಿದರೂ ಕೆಂಪಾಗಿಯೇ ಇರಬೇಕು, ಮುಂಜಾನೆ ಒರೆಸದೆ ಬಿಟ್ಟುಹೋದ ಒಂದು ಗುರುತು ಆ ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದೆ. ಕನ್ನಡಿ. ಗೂಟದಿಂದ ಇಳಿಸಿದೆ, ಧೂಳು ಸೆರಗಿನಿಂದ ಒರೆಸಿದೆ, ಅದರಲ್ಲಿ ಮೊದಲು ಸೂರಿನ ಹಂಚು ಬಂತು, ಆಮೇಲೆ ನನ್ನ ಮೂಗು, ನೆಲಕ್ಕಿಟ್ಟು ಮಗ್ಗದ ಕಾಲು ಹಿಡಿದು ಸ್ಟೂಲಿನ ಮೇಲೆ ಕೂತು ಬಲಗಾಲನ್ನು ಕನ್ನಡಿಯ ಮೇಲೆ ತೂಗುಬಿಟ್ಟೆ, ಬಾಗಿದೆ, ಕಾಣುತ್ತದೆ, ಒಡೆದ ಹಿಮ್ಮಡಿ, ಬೂದಿ ಬಣ್ಣದ ಚರ್ಮ, ಯಾರದೋ ಕಾಲು, ಒದ್ದೆ ಕೆಂಪು, ಅದರ ನಡುವೆ ದುಂಡಗೆ ಒಂದು ಬೆಳಕು, ಅಗಲ ತಲೆಯದು, ಹೊಸದು, ಪೂರ್ತಿ ಒಳಗೆ ಹೋಗಿ ತಲೆ ಮಾತ್ರ ಹೊರಗೆ. ಇದರ ಮೇಲೆ ನಿಂತು ಮುಂಜಾನೆಯಿಂದ ನೇಯ್ದಿದ್ದೇನೆ. ಇದನ್ನು ಮೆಟ್ಟಿಕೊಂಡೇ ಇದನ್ನು ಹುಡುಕಿದ್ದೇನೆ.

ಫೋನು. ಕಾಂಚನಾ. ಉಂಡೀ ಏನಬೇ ಅವ್ವಾ. ಆತು. ಗುಳಿಗಿ ತಗೊಂಡಿ. ಆತು. ಮತ್ತ? ಬಾಯಿ ಮತ್ತೇನಿಲ್ಲ ಎನ್ನಲು ತೆರೆದಿದೆ, ಕಣ್ಣು ಕನ್ನಡಿಯಲ್ಲಿದೆ, ಹೊದಿಕೆಯ ಸೀರೆ ಸುಮ್ಮನಿದೆ, ಹೇಳಿದರೆ ಮಗ್ಗ ಹೋಗುತ್ತದೆ, ಹೇಳದಿದ್ದರೆ — ಫೋನ ಇಡಬ್ಯಾಡ ಕಾಂಚನಾ. ಯಾಕಬೇ, ಏನಾತ? ಅಷ್ಟರಲ್ಲಿ ಕರೆಂಟು ಬಂತು, ಓಣಿಯ ಮಗ್ಗಗಳು ಒಂದರ ಹಿಂದೊಂದು ಎದ್ದವು, ಗುಂಡಿ ಆರಿಸದೆ ಬಿಟ್ಟ ನನ್ನ ಮಗ್ಗದ ಮೋಟಾರೂ ಮೊರೆಯಿತು, ಮಗ್ಗದ ಕಾಲು ಹಿಡಿದ ಅಂಗೈಗೆ ನಡುಕ ಬಂತು, ಮೊಣಕೈ ತನಕ ಬಂತು, ಕಾಲಿಗೆ ಹೊಸದೇನೂ ಬರಲಿಲ್ಲ, ಅವ್ವಾ, ಕೇಳವಲ್ದ, ಜೋರ ಹೇಳ, ಎನ್ನುತ್ತಿದ್ದಾಳೆ ಕಾಂಚನಾ, ನನ್ನ ಕಿರುಬೆರಳು ಎದ್ದಿದೆ, ಮಡಚಿದೆ, ಫೋನಿಗೆ ಅದು ಕಾಣುವುದಿಲ್ಲ. ಬಾ, ಎಂದೆ. ಅವಳಿಗೆ ಮುಟ್ಟಿತೋ ಇಲ್ಲವೋ. ಬಾ ಬೇ. ಬೆರಳು ಕೆಳಗಿಳಿಸಿ ಮೊಳೆಯ ತಲೆ ಮುಟ್ಟಿದೆ, ಬೆರಳಿಗೆ ತಣ್ಣಗಿದೆ, ಮುಟ್ಟಿದಾಗೊಮ್ಮೆ ಹೂಂ ಅನ್ರಿ, ಒತ್ತಿದೆ, ಕಾಲು ಹೂಂ ಅನ್ನಲಿಲ್ಲ, ಕನ್ನಡಿಯಲ್ಲಿ ಅದು ಹೊಳೆಯುತ್ತಿದೆ, ಅಗಲ ತಲೆಯ ಮೊಳೆ, ಮುಂಜಾನೆ ಬಿಸಿಲಿನ ಪಟ್ಟಿಯಲ್ಲಿ ಹೊಳೆದಷ್ಟೇ, ಮೊಳೆ, ಮತ್ತೆ ಒತ್ತಿದೆ, ಮೊಳೆ