ಒಂದೇ ವರ್ಷದಲ್ಲಿ ಎರಡು ಮದುವೆ

ಒಡಹುಟ್ಟಿದ ಇಬ್ಬರ ಮದುವೆ ಒಂದೇ ವರ್ಷದಲ್ಲಿ ಆಗಬಾರದು; ಆಯಿತೆಂದರೆ ಒಬ್ಬರ ಅದೃಷ್ಟವನ್ನು ಇನ್ನೊಬ್ಬರು ತಿಂದುಹಾಕುತ್ತಾರೆ. ಇಲೊಯಿಲೊ ಊರಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪಸಿತಾ ಮುದುಕಿಯಂತೂ ಈ ವಿಷಯದಲ್ಲಿ ಪಾದ್ರಿಯ ಮಾತನ್ನೂ ಕೇಳುವವಳಲ್ಲ. ಮಗ ರೊಮುಲೊನ ಮದುವೆ ಫೆಬ್ರವರಿಯಲ್ಲಿ ಆಗಿತ್ತು. ಮಗಳು ಲಿಯೋನಿಲಾ ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಡೇಲ್‌ನನ್ನು ಮದುವೆಯಾಗುತ್ತೇನೆ ಎಂದಾಗ ಮುದುಕಿ ಊಟ ಬಿಟ್ಟು ಕೂತಳು.

"ಮೊದಲನೇ ಗಂಡನ್ನ ಸಮುದ್ರ ನುಂಗ್ತು. ಇನ್ನೂ ಬುದ್ಧಿ ಬರ್ಲಿಲ್ವಾ ನಿನಗೆ? ಜನವರಿ ತನಕ ತಡ್ಕೊಂಡ್ರೆ ಆ ಬಿಳಿಯ ಏನು ಕರಗಿ ಹೋಗ್ತಾನಾ?"

ಲಿಯೋನಿಲಾ ಹೆದರಿದಳು. ಡೇಲ್ ನೆಬ್ರಾಸ್ಕಾದಲ್ಲಿ ಲಾರಿ ರಿಪೇರಿ ಮಾಡುವ ವಿಧುರ, ಪಾಪದ ಮನುಷ್ಯ. ಲಿಯೋನಿಲಾಳ ಮಗಳು ಮಾರಿಫೆಗೆಂದು ಆಗಲೇ ಒಂದು ಕೋಣೆಗೆ ಬಣ್ಣ ಹೊಡೆದಿಟ್ಟಿದ್ದ. ಮೂರು ತಿಂಗಳು ತಾನೇ ಎಂದು ಅವನೂ ಒಪ್ಪಿದ. ನವೆಂಬರಿನಲ್ಲಿ ಮಾರಿಫೆಗೆ ಹದಿನೆಂಟು ತುಂಬಿತು. ಹೆಣ್ಣುಮಗುವಿಗೆ ಹದಿನೆಂಟಾದರೆ ಸುಮ್ಮನಿರುವುದುಂಟೇ? ಇಡೀ ಹಂದಿ ಸುಟ್ಟು, ಹದಿನೆಂಟು ಹುಡುಗರ ಕೈಯಲ್ಲಿ ಗುಲಾಬಿ ಕೊಡಿಸಿ, ಕುಣಿಸಿ, ಬೀದಿಗೆಲ್ಲ ಊಟ ಹಾಕಿದರು. ಜನವರಿಯಲ್ಲಿ ಮದುವೆಯೂ ಆಯಿತು.

ಡೇಲ್ ತನ್ನ ಊರಿಗೆ ಮರಳಿ, ವಕೀಲನನ್ನು ಕಂಡು ಲಿಯೋನಿಲಾಳಿಗೆ ಫೋನ್ ಮಾಡಿದ.

"ನಿನ್ನನ್ನ ಇಲ್ಲಿಗೆ ಕರೆಸ್ಕೊಳ್ಳೋಕೆ ಅರ್ಜಿ ಹಾಕಬಹುದಂತೆ ಲಿಯೋನಿಲಾ. ಮಾರಿಫೆದು ಆಗಲ್ವಂತೆ. ನಮ್ಮ ಮದುವೆ ದಿನ ಅವಳಿಗೆ ಹದಿನೆಂಟು ತುಂಬಿರಬಾರದಿತ್ತು. ಕಾನೂನಿನ ಲೆಕ್ಕದಲ್ಲಿ ಅವಳು ನನ್ನ ಮಗಳೇ ಅಲ್ಲ."

"ಅಕ್ಟೋಬರಲ್ಲೇ ಆಗಿದ್ರೆ?"

"ಬರ್ತಿದ್ಲು," ಎಂದ ಡೇಲ್.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಲಿಯೋನಿಲಾ ನೆಟ್ಟಗೆ ಅಡುಗೆಮನೆಗೆ ಹೋದಳು. ತಾಯಿ ಮೀನು ಹೆರೆಯುತ್ತ ಕೂತಿದ್ದಳು. ಯಾರ ಅದೃಷ್ಟಕ್ಕೆಂದು ಇಷ್ಟೆಲ್ಲ ಆಯಿತೋ ಆ ರೊಮುಲೊನ ಹೆಂಡತಿ ಕ್ರಿಸ್‌ಮಸ್ಸಿಗೆ ಮುಂಚೆಯೇ ಜಗಳವಾಡಿ ತವರು ಸೇರಿದ್ದಳು.

"ಯಾರ ಅದೃಷ್ಟ ಉಳಿಸಿದೆ ಅಮ್ಮ ನೀನು? ನಿನ್ನ ಶಕುನ ನನ್ನ ಮಗಳನ್ನ ತಿಂತು."

"ಅಮೆರಿಕದ ಕಾನೂನು ನಾನೇನು ಕಂಡಿದ್ನಾ? ಹೂಂ ಅಂದವಳು ನೀನೇ ತಾನೇ?"

ಹೂಂ ಅಂದದ್ದು ನಿಜ. ವಕೀಲ ಒಂದು ದಾರಿಯನ್ನೇನೋ ಹೇಳಿದ್ದ. ಲಿಯೋನಿಲಾ ಅಲ್ಲಿಗೆ ಹೋಗಿ ನೆಲೆಯಾದ ಮೇಲೆ ಹೆತ್ತ ಮಗಳಿಗೆಂದು ತಾನೇ ಅರ್ಜಿ ಹಾಕಬಹುದು. ವರ್ಷಗಟ್ಟಲೆ ಹಿಡಿಯಬಹುದು. ಅಲ್ಲಿಯವರೆಗೆ ಹುಡುಗಿ ಮದುವೆ ಮಾತ್ರ ಆಗಕೂಡದು; ಆಗಿಬಿಟ್ಟರೆ ಆ ಅರ್ಜಿಯೂ ಬಿದ್ದುಹೋಗುತ್ತದೆ.

ಮಾರಿಫೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ಕಷ್ಟಪಟ್ಟು ಹೇಳಿ ಮುಗಿಸಿದ ಲಿಯೋನಿಲಾ, "ಸ್ವಲ್ಪ ತಡ್ಕೋ ಮಗಳೇ, ಅಷ್ಟೇ," ಎಂದಳು.

"ನಿನ್ನ ಮದುವೆ ಮುಂದಕ್ಕೆ ಹಾಕಿ ನನ್ನನ್ನ ಇಲ್ಲಿ ಬಿಟ್ರಿ. ಈಗ ನಾನು ಬರ್ಬೇಕಂದ್ರೆ ನನ್ನ ಮದುವೆ ಮುಂದಕ್ಕೆ ಹಾಕ್ಬೇಕು. ಚೆನ್ನಾಗಿದೆ ಅಮ್ಮ."

"ಹಾಗಾದ್ರೆ ನಾನೂ ಹೋಗಲ್ಲ."

ಮಾರಿಫೆ ತಲೆಯೆತ್ತಲಿಲ್ಲ.

"ಹೋಗು. ನೀನು ಉಳ್ಕೊಂಡ್ರೆ ನನ್ನಿಂದಲೇ ಬದುಕು ಹಾಳಾಯ್ತು ಅಂತ ಇವರೆಲ್ಲ ಸಾಯೋ ತನಕ ಆಡ್ಕೋತಾರೆ. ನೀನೂ ಅಂತೀಯ."

ಇಲ್ಲ, ಅನ್ನುವುದಿಲ್ಲ ಎಂದು ಲಿಯೋನಿಲಾ ಹೇಳಬೇಕಿತ್ತು. ಅವಳು ಒಂದು ಬಟ್ಟೆ ಎತ್ತಿಕೊಂಡು ಮಡಿಸತೊಡಗಿದಳು.